ಅರ್ಧ ಅಡಿ ನೀರು

ನದಿಯ ನೀರು ನನ್ನ ಮಾತು ಕೇಳುವುದಿಲ್ಲ ಎಂದು ಆ ಒಂದು ವಾರದಲ್ಲಿ ಎಷ್ಟು ಜನರಿಗೆ ಹೇಳಿದೆನೋ ನನಗೇ ನೆನಪಿಲ್ಲ. ಒಬ್ಬರಾದರೂ ನಂಬಬೇಕಲ್ಲ! ಹುಟ್ಟಿದಂದಿನಿಂದ ನಾನು ಹೇಳಿದ ನಿಜಗಳಲ್ಲಿ ಇದರಷ್ಟು ಅಪ್ಪಟ ನಿಜ ಇನ್ನೊಂದಿಲ್ಲ. ಜನ ಮಾತ್ರ ನಗುನಗುತ್ತ ಬೆನ್ನು ತಟ್ಟಿ, "ಇರ್ಲಿ ಬಿಡಿ ಸಾರ್, ನಿಮ್ಮ ದೊಡ್ಡತನ" ಎಂದು ಹೋಗಿಬಿಡುತ್ತಿದ್ದರು.

ನನ್ನ ಕೆಲಸ ನೀರು ಅಳೆಯುವುದು. ಊರ ಸೇತುವೆಯ ಕೆಳಗೆ ಒಂದು ಕಂಬಕ್ಕೆ ಬಿಳಿ ಬಣ್ಣ ಬಳಿದು, ಅಡಿ ಅಂಗುಲಗಳ ಕಪ್ಪು ಗೆರೆ ಎಳೆದಿದ್ದಾರೆ. ಬೆಳಿಗ್ಗೆ ಎಂಟಕ್ಕೆ ನಲವತ್ತೆರಡು ಮೆಟ್ಟಿಲು ಇಳಿದು ನೀರು ಯಾವ ಗೆರೆಗೆ ತಾಗಿದೆ ಎಂದು ನೋಡುವುದು, ಮತ್ತೆ ನಲವತ್ತೆರಡು ಮೆಟ್ಟಿಲು ಹತ್ತಿ, ಬೀರುವಿನಷ್ಟೇ ಅಗಲದ ನನ್ನ ಕೋಣೆಗೆ ಬಂದು, ಅಣೆಕಟ್ಟೆಯ ಕಚೇರಿಗೆ ಫೋನ್ ಮಾಡಿ ಅಂಕಿ ಹೇಳುವುದು. ಆ ಕಡೆಯವರು "ಬರ್ಕೊಂಡೆ" ಅನ್ನುತ್ತಾರೆ. ನಾನು ಫೋನ್ ಇಡುತ್ತೇನೆ. ಹತ್ತೊಂಬತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಇದಕ್ಕಿಂತ ಹೆಚ್ಚಿನ ಮಾತು ನಡೆದಿಲ್ಲ. ಆ ಮನುಷ್ಯ ಕಪ್ಪೋ ಕೆಂಪೋ ನನಗೆ ಗೊತ್ತಿಲ್ಲ.

ಇಷ್ಟು ಸಣ್ಣ ಕೆಲಸ ಇಟ್ಟುಕೊಂಡವನು ಬಾಯಿ ಮುಚ್ಚಿಕೊಂಡಿರಬೇಕು. ನಾನು ಇರಲಿಲ್ಲ. ತಪ್ಪು ಅಲ್ಲೇ ಆಯಿತು.

ನನ್ನ ಹೆಂಡತಿಗೆ ಒಬ್ಬಳು ಅಕ್ಕ. ಆ ಅಕ್ಕನ ಗಂಡನಿಗೆ ದೂರದ ಪೇಟೆಯಲ್ಲಿ ಸೋಫಾ ಅಂಗಡಿ, ಮೂರು ಮಹಡಿಯದು. ನಾವು ಅವರನ್ನು ಮನೆಯೊಳಗೆ ಸೋಫಾ ಭಾವ ಅನ್ನುತ್ತೇವೆ. ಮಾವನ ಮನೆಯಲ್ಲಿ ಎಲ್ಲರೂ ಸೇರಿದಾಗಲೆಲ್ಲ ಈ ಅಕ್ಕ ನನ್ನ ಹೆಂಡತಿಯನ್ನು ನೋಡಿ, ಪಾಪ ಅನ್ನುವ ದನಿಯಲ್ಲಿ, "ಏನೇ, ನಿನ್ನ ಗಂಡ ಇನ್ನೂ ನೀರು ನೋಡ್ತಾನೇ ಕೂತಿದ್ದಾರಾ?" ಎಂದು ಕೇಳುವುದು, ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವುದು, ಇದು ನಮ್ಮ ಮದುವೆಯಾದಂದಿನಿಂದ ನಡೆದು ಬಂದ ಕಾರ್ಯಕ್ರಮ. ಈ ಸಲ ಊಟದ ಮೇಜಿನಲ್ಲಿ ಅದೇ ಮಾತು ಬಂತು. ಪಾತ್ರೆಯ ಸದ್ದೂ ಕೇಳಿಸಿತು. ನನಗೆ ರೇಗಿಹೋಯಿತು.

"ನೋಡ್ತಾ ಕೂರೋದಲ್ಲ ಅತ್ತಿಗೆ," ಎಂದೆ. "ನಾನು ಫೋನ್ ಮಾಡದೆ ಅಣೆಕಟ್ಟೆ ಗೇಟು ಒಂದೇ ಒಂದು ದಿನ ಮೇಲೆದ್ದಿಲ್ಲ."

ಇದು ಸುಳ್ಳಲ್ಲ. ನಾನು ಹಲ್ಲುಜ್ಜದೆಯೂ ಆ ಗೇಟು ಒಂದು ದಿನ ಮೇಲೆದ್ದಿಲ್ಲ, ಏಕೆಂದರೆ ಎರಡನ್ನೂ ನಾನು ದಿನಾ ತಪ್ಪದೆ ಮಾಡುತ್ತೇನೆ. ಆದರೆ ಮೇಜಿನ ಸುತ್ತ ಎಲ್ಲರ ಕೈಯೂ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಮಾವ ಕನ್ನಡಕ ಏರಿಸಿಕೊಂಡು ಮೊದಲನೇ ಸಲ ನನ್ನನ್ನು ಪೂರ್ತಿಯಾಗಿ ನೋಡಿದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನನ್ನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಆ ಮುಖ ನೋಡಿದ ಮೇಲೆ, ಮಾತನ್ನು ವಾಪಸು ತೆಗೆದುಕೊಳ್ಳುವ ಎದೆ ಯಾವ ಗಂಡನಿಗಿದೆ? ನನಗಂತೂ ಇರಲಿಲ್ಲ.

ಚಳಿಗಾಲದ ರಜೆ ಬಂತು. ನಮ್ಮ ಕಣಿವೆಗೆ ರಜೆಯಲ್ಲಿ ಜನ ಬರುತ್ತಾರೆ. ದೋಣಿ ವಿಹಾರ, ನದಿದಡದ ನಡಿಗೆ, ನದಿಯ ನಡುವಿನ ಮರಳ ದಿಬ್ಬದ ಮೇಲೆ ಮಕ್ಕಳ ಚಿತ್ರ ಸ್ಪರ್ಧೆ, ಹೀಗೆ ಒಂದು ವಾರದ ಕಾರ್ಯಕ್ರಮವನ್ನು ಊರಿನ ರಜಾ ಸಮಿತಿ ಏರ್ಪಡಿಸುತ್ತದೆ. ಸೋಫಾ ಭಾವ ಸೋಮವಾರ ಬೆಳಿಗ್ಗೆಯೇ ಹೆಂಡತಿ, ಮಾವ, ಅತ್ತೆ ಸಮೇತ ನಮ್ಮ ಎರಡು ಕೋಣೆಯ ಮನೆಯಲ್ಲಿ ಬಂದಿಳಿದರು. ಭಾನುವಾರ ಅವರ ಅಂಗಡಿಯ ಕೆಲಸದವರೆಲ್ಲ ಬರುವವರಿದ್ದರು, ಮೂವತ್ತು ಜನ. ಎಲ್ಲರಿಗೂ ದೊಡ್ಡ ದೋಣಿಯಲ್ಲಿ ವಿಹಾರ.

ದೋಣಿಯವನು ಆಗಲ್ಲ ಎಂದು ಕೈಯಾಡಿಸಿಬಿಟ್ಟ. "ಮೂವತ್ತು ಜನ ಹತ್ತಿದ್ರೆ ದೋಣಿ ಮರಳಿಗೆ ಕಚ್ಕೊಂಡು ಕೂರುತ್ತೆ ಸಾರ್. ಸೇತುವೆ ಕಂಬದಲ್ಲಿ ನಾಲ್ಕು ಅಡಿ ತೋರಿಸ್ಬೇಕು. ಈಗಿರೋದು ಮೂರೂವರೆ."

"ಅರ್ಧ ಅಡಿ ತಾನೇ?" ಎಂದರು ಭಾವ, ನನ್ನ ಹೆಗಲ ಮೇಲೆ ಕೈ ಹಾಕಿ. "ಅರ್ಧ ಅಡಿಗೆ ಯಾಕಯ್ಯಾ ಒದ್ದಾಡ್ತೀಯ? ನಮ್ಮ ಷಡ್ಡಕ ಇಲ್ವಾ? ಇವರು ಒಂದು ಫೋನ್ ಮಾಡಿದ್ರೆ ಗೇಟು ಏಳುತ್ತೆ!"

ದೋಣಿಯವನು ನನ್ನನ್ನು ಹತ್ತೊಂಬತ್ತು ವರ್ಷದಿಂದ ದಿನಾ ಮೆಟ್ಟಿಲ ಮೇಲೆ ನೋಡಿದ್ದಾನೆ. ನಮಸ್ಕಾರ ಹಾಗಿರಲಿ, ಒಂದು ದಿನ ದಾರಿ ಬಿಟ್ಟವನಲ್ಲ. ಈಗ ತಲೆಗೆ ಸುತ್ತಿಕೊಂಡಿದ್ದ ಮಫ್ಲರ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಯ್ಯೋ, ನಮ್ಮ ಸಾರೇನಾ ಅದು! ಮೊದಲೇ ಹೇಳ್ಬಾರ್ದಾ? ಪ್ರತಿ ವರ್ಷ ರಜೇಲಿ ಅರ್ಧ ದಿನ ನನ್ನ ದೋಣಿ ಮರಳ ಮೇಲೆ ಕೂತಿರುತ್ತಲ್ಲ ಸಾರ್!" ಎಂದ. ಕೊನೆಯ ಮಾತಿನಲ್ಲಿ ನಮಸ್ಕಾರಕ್ಕಿಂತ ಸಿಟ್ಟೇ ಹೆಚ್ಚಿತ್ತು.

"ಇಲ್ಲಪ್ಪ, ಅದು ಹಾಗಲ್ಲ..." ಎಂದು ನಾನು ಶುರುಮಾಡಿದೆ. ಪಕ್ಕದಲ್ಲಿ ನನ್ನ ಹೆಂಡತಿ ನಿಂತಿದ್ದಳು. ಅವಳ ಪಕ್ಕದಲ್ಲಿ ಅವಳ ಅಕ್ಕ. "ನೋಡೋಣ" ಎಂದುಬಿಟ್ಟೆ.

ಹಾಳಾದ "ನೋಡೋಣ"! ಸಂಜೆಯೊಳಗೆ ಅದು ಊರ ತುಂಬ "ಆಗ್ಲಿ" ಎಂದಾಗಿತ್ತು.

ಮಂಗಳವಾರ ಬೆಳಿಗ್ಗೆ ರಜಾ ಸಮಿತಿಯ ಕಾರ್ಯದರ್ಶಿ ಬಂದರು. ಒಳಗೆ ಕಾಲಿಡುವ ಮೊದಲೇ ಕೂಗಾಡತೊಡಗಿದರು. "ಏನ್ರೀ ಇದು ಅನ್ಯಾಯ? ನೀರು ಅರ್ಧ ಅಡಿ ಏರಿದ್ರೆ ನನ್ನ ಮರಳ ದಿಬ್ಬ ಎಲ್ಲಿರುತ್ತೆ? ಭಾನುವಾರ ಅಲ್ಲಿ ನೂರೈವತ್ತು ಮಕ್ಕಳು ಚಿತ್ರ ಬರೀತಾರೆ. ನೀರಲ್ಲಿ ಕೂತು ಬರೀಬೇಕಾ? ಏರಿಸೋದಿರ್ಲಿ, ಒಂದರ್ಧ ಅಡಿ ಇಳಿಸಿಕೊಡಿ. ಪೋಷಕರಿಗೆ ಕುರ್ಚಿ ಹಾಕೋಕೆ ಜಾಗ ಸಾಲ್ತಾ ಇಲ್ಲ."

"ನನ್ನ ಕೈಯಲ್ಲಿ ಏನೂ ಇಲ್ಲ ಸಾರ್. ನಾನು ಬರೀ ಅಂಕಿ ಹೇಳೋನು."

"ದೋಣಿಯವನಿಗೆ ಆಗುತ್ತೆ, ಮಕ್ಕಳಿಗೆ ಆಗಲ್ಲ. ಅಲ್ವಾ?" ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಮ್ಮ ಮಾವ ಒಳಗಿನ ಕೋಣೆಯಿಂದ ಬಂದು, "ಹಿರಿಯರು ಇಷ್ಟು ಕೇಳ್ತಿದ್ದಾರೆ, ಮಾಡಿಕೊಡಿ ಅಳಿಯಂದ್ರೇ" ಎಂದರು. ಮಾವ ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ನನ್ನ ಹೆಂಡತಿ ಕಾರ್ಯದರ್ಶಿಗೆ ಚಹಾ ತಂದುಕೊಟ್ಟಳು. ಲೋಟವನ್ನು ಅಕ್ಕನೇ ತೊಳೆದಳು. ಇದನ್ನು ನಾನು ಕಣ್ಣಾರೆ ನೋಡಿದೆ.

ಬುಧವಾರ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನಮ್ಮ ಮನೆಯ ಗೇಟಿನ ಹತ್ತಿರ ಕಾದಿದ್ದರು. ಹೋದ ತಿಂಗಳು ಸೇತುವೆಯ ಮೇಲಿಂದ ಬಗ್ಗಿ ನೋಡುವಾಗ ಅವರ ಕನ್ನಡಕ ನೀರಿಗೆ ಬಿದ್ದಿತ್ತಂತೆ. "ಹೆಚ್ಚೇನೂ ಕೇಳಲ್ಲ ನಾನು. ಏರಿಸೋದೂ ಬೇಡ, ಇಳಿಸೋದೂ ಬೇಡ. ಹತ್ತೇ ಹತ್ತು ನಿಮಿಷ ನಿಲ್ಸಿ. ಹೋಗಿ ತಗೊಂಡ್ಬಂದ್ಬಿಡ್ತೀನಿ."

"ನದೀನ ನಿಲ್ಸೋದಾ ಮೇಷ್ಟ್ರೇ?"

"ಒಂದು ಕ್ಲಾಸನ್ನ ನಾನು ಮೂವತ್ತೈದು ವರ್ಷ ನಿಲ್ಸಿದ್ದೀನಪ್ಪಾ. ಮನಸ್ಸಿರ್ಬೇಕು," ಎಂದರು.

ಇನ್ನು ತಡೆಯಲಾರೆ ಎನ್ನಿಸಿ ಗುರುವಾರ ಬೆಳಿಗ್ಗೆ ಫೋನಿನಲ್ಲಿ "ಮೂರೂವರೆ" ಎಂದ ಮೇಲೆ ಇಡಲಿಲ್ಲ.  "ಒಂದು ಮಾತು," ಎಂದೆ. ಆ ಕಡೆ ಏನೋ ಕೆಳಗೆ ಬಿದ್ದ ಸದ್ದಾಯಿತು. ಹತ್ತೊಂಬತ್ತು ವರ್ಷದಲ್ಲಿ ಇಲ್ಲದ್ದು, ಪಾಪ, ಗಾಬರಿಯಾಗಿರಬೇಕು.

"ಭಾನುವಾರ ಒಂದರ್ಧ ಅಡಿ ನೀರು ಬಿಡ್ಸೋಕಾಗುತ್ತಾ? ಬೆಳಿಗ್ಗೆ ಮಾತ್ರ. ಮಧ್ಯಾಹ್ನ ನಿಲ್ಸಿಬಿಡಿ."

"ನಾನಾ?" ಎಂದಿತು ದನಿ. "ನಾನು ಗೇಟು ನೋಡಿರೋದೇ ಎರಡು ಸಲ ಸ್ವಾಮಿ. ನಾನಿರೋದು ಪೇಟೇಲಿ, ಎರಡನೇ ಮಹಡಿ. ನೀವು ಹೇಳಿದ್ದನ್ನ ಪುಸ್ತಕದಲ್ಲಿ ಬರೀತೀನಿ, ಅಷ್ಟೆ."

"ಆಮೇಲೆ ಆ ಪುಸ್ತಕ?"

"ತುಂಬಿದ್ಮೇಲೆ ಬೀರುವಲ್ಲಿ ಇಡ್ತೀನಿ."  ಆಮೇಲೆ ದನಿ ತಗ್ಗಿತು. "ಗೇಟು ತೆಗ್ಸೋದು ನೀವಲ್ವಾ? ನಾನು ನಮ್ಮ ಬೀಗರಿಗೆಲ್ಲ ಹಾಗೇ ಹೇಳಿದ್ದೀನಿ. ಸೇತುವೆ ಹತ್ರ ನಮ್ಮ ಸ್ನೇಹಿತರೊಬ್ರು ಇದ್ದಾರೆ, ಅವರ ಕೈಯಲ್ಲೇ ಎಲ್ಲಾ ಅಂತ. ಈ ಭಾನುವಾರ ಅವರೂ ಅಲ್ಲಿಗೆ ಬರ್ತಾ ಇದ್ದಾರೆ. ದಯವಿಟ್ಟು ಮರ್ಯಾದೆ ಉಳ್ಸಿ."

ನಾನು ಫೋನ್ ಇಟ್ಟೆ. ನನ್ನ ಅಂಕಿಗಳು ಎಲ್ಲಿಯಾದರೂ ಒಂದು ಕಡೆ ಯಾರಿಗಾದರೂ ಉಪಯೋಗವಾಗುತ್ತಿವೆ ಎಂದುಕೊಂಡಿದ್ದೆ. ಬೀರು! 

ಇಷ್ಟಾದರೂ ಅಂದೇ ಊರವರಿಗೆಲ್ಲ ನಿಜ ಹೇಳಿ ಮುಗಿಸುತ್ತಿದ್ದೆನೇನೋ. ಆದರೆ ಸಂಜೆ ದೋಣಿಯವನೂ ಕಾರ್ಯದರ್ಶಿಯೂ ನಮ್ಮ ಹಜಾರದಲ್ಲೇ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದುಕೊಂಡರು. ಬಿಡಿಸುವ ಗಡಿಬಿಡಿಯಲ್ಲಿ ನಾನು, "ಬೆಳಿಗ್ಗೆ ಏರಿದ್ರೆ ಇವರಿಗಾಯ್ತು, ಮಧ್ಯಾಹ್ನ ಇಳಿದ್ರೆ ನಿಮಗಾಯ್ತು, ಇಷ್ಟಕ್ಕೆ ಕುತ್ತಿಗೆ ಹಿಡ್ಕೋತೀರಾ?" ಎಂದು ಕಿರುಚಿದೆ. "ಏರಿದರೆ", "ಇಳಿದರೆ" ಎಂದೆ ನಾನು. ಯಾರ ಕಿವಿಗೆ ಬಿತ್ತು? ಇಬ್ಬರೂ ಕೈಬಿಟ್ಟು ನನ್ನ ಕೈ ಹಿಡಿದುಕೊಂಡರು. ಕಾರ್ಯದರ್ಶಿ ಅಲ್ಲಿಂದ ನೇರ ಪ್ರೆಸ್ಸಿಗೆ ಹೋದರು.

ಶುಕ್ರವಾರ ಊರಿನ ಪ್ರತಿ ಲೈಟುಕಂಬಕ್ಕೂ ಹಳದಿ ಕಾಗದ ಅಂಟಿತ್ತು. "ಭಾನುವಾರದ ಕಾರ್ಯಕ್ರಮಗಳು. ಬೆಳಿಗ್ಗೆ 9ಕ್ಕೆ: ನೀರು ಏರಿಕೆ, ದೋಣಿ ವಿಹಾರ. ಮಧ್ಯಾಹ್ನ 1ಕ್ಕೆ: ಊಟದ ವಿರಾಮ. 2ಕ್ಕೆ: ನೀರು ಇಳಿಕೆ, ಚಿತ್ರ ಸ್ಪರ್ಧೆ. ಸಹಕಾರ: ನದಿ ಅಳತೆ ಕಚೇರಿ." ಅತ್ತಿಗೆ ಒಂದು ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದಲ್ಲಿ ಇಟ್ಟುಕೊಂಡರು. ನನ್ನ ಹೆಂಡತಿ ಇನ್ನೊಂದನ್ನು ಕನ್ನಡಿಯ ಪಕ್ಕ ಅಂಟಿಸಿದಳು. ತಲೆ ಬಾಚಿಕೊಳ್ಳಲು ಹೋದರೆ ನನ್ನ ಮುಖ, ಅದರ ಪಕ್ಕದಲ್ಲೇ ನನ್ನ ಪಾಪ.

ಶನಿವಾರ ನಮ್ಮ ಇಲಾಖೆಯ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದಿಳಿದರು. ಕೈಯಲ್ಲಿ ಹಳದಿ ಕಾಗದ.

"ನದಿ ಏರಿಸೋ ಅಧಿಕಾರ ನಿಮಗೆ ಕೊಟ್ಟವರು ಯಾರ್ರೀ?"

"ಯಾರೂ ಕೊಟ್ಟಿಲ್ಲ ಸಾರ್. ನನ್ನ ಹತ್ರ ಅಂಥ ಅಧಿಕಾರ ಇಲ್ಲವೇ ಇಲ್ಲ." ಕೊನೆಗೂ ನಿಜ ಕೇಳುವವರೊಬ್ಬರು ಸಿಕ್ಕರಲ್ಲ ಎಂದು ನನ್ನ ಜೀವ ಹಗುರಾಯಿತು.

"ಅಂದ್ರೆ ಇಲ್ಲದ ಅಧಿಕಾರವನ್ನ ದುರುಪಯೋಗ ಮಾಡ್ಕೊಂಡಿದ್ದೀರಿ! ಇದು ಇನ್ನೂ ದೊಡ್ಡ ತಪ್ಪು. ಇರೋದನ್ನ ದುರುಪಯೋಗ ಮಾಡಿದ್ರೆ ಒಂದು ನಿಯಮ ಇದೆ. ಇಲ್ಲದ್ದಕ್ಕೆ ನಾನು ಯಾವ ನಿಯಮ ಹುಡುಕ್ಲಿ? ಮಂಗಳವಾರದೊಳಗೆ ಬರಹದಲ್ಲಿ ವಿವರಣೆ ಕೊಡಿ."

"ಕೊಡ್ತೀನಿ ಸಾರ್."

ಸಾಹೇಬರು ಜೀಪಿನ ತನಕ ಹೋದವರು ತಿರುಗಿ ಬಂದರು. ಆಚೆ ಈಚೆ ನೋಡಿ ದನಿ ಇಳಿಸಿದರು. "ಅದಿರ್ಲಿ. ನಾಳೆ ಎರಡಕ್ಕೆ ಇಳಿಸ್ತೀರಲ್ಲ, ಅದನ್ನ ಮೂರಕ್ಕೆ ಮಾಡೋಕಾಗುತ್ತಾ? ನಮ್ಮನೆಯವರು ರೆಡಿಯಾಗಿ ಹೊರಡೋದು ಸ್ವಲ್ಪ ತಡ."

ಭಾನುವಾರ ಎಂಟು ಗಂಟೆಗೆ ಸೇತುವೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಚಳಿಗೆ ಎಲ್ಲರ ಬಾಯಿಂದ ಹೊಗೆ. ಕಂಬಿಗೆ ಆತುಕೊಂಡು ಅಂಗಡಿಯ ಮೂವತ್ತು ಜನ, ನೂರೈವತ್ತು ಮಕ್ಕಳ ಪೋಷಕರು, ಫೋನಿನವರ ಬೀಗರು, ಸಾಹೇಬರು, ಬರಿಗಾಲಲ್ಲಿ ಸಿದ್ಧವಾಗಿ ನಿಂತ ಮೇಷ್ಟ್ರು. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ, ಮದುವೆ ಮನೆಗೆ ಹೊರಟವಳ ಹಾಗೆ ಸಿಂಗರಿಸಿಕೊಂಡು. ಅವಳ ಕೈಚೀಲವನ್ನು ಅವಳ ಅಕ್ಕ ಹಿಡಿದುಕೊಂಡಿದ್ದಳು.

ನಾನು ನಲವತ್ತೆರಡು ಮೆಟ್ಟಿಲು ಇಳಿದೆ. ಮೂರೂವರೆ. ಬಗ್ಗಿ ನೋಡಿದೆ, ಕುಳಿತು ನೋಡಿದೆ. ಮೂರೂವರೆಯೇ. ನೀರಿಗೆ ಒಂದಿಷ್ಟಾದರೂ ದಯೆ ಬೇಡವೇ? ಮೇಲೆ ಹತ್ತಿ ಬಂದೆ. ಎಲ್ಲರೂ ನನ್ನ ಕೋಣೆಯ ಕಿಟಕಿಗೆ ಮುತ್ತಿಕೊಂಡು ಫೋನನ್ನೇ ನೋಡುತ್ತಿದ್ದರು.

ನಾನು ಫೋನ್ ಮುಟ್ಟಲಿಲ್ಲ. ಹೊರಗೆ ಬಂದು ಕಂಬಿಯ ಕೆಳಗಿನ ಕಟ್ಟೆಯ ಮೇಲೆ ನಿಂತೆ. "ಕೇಳಿ ಎಲ್ಲರೂ! ಇದು ನನ್ನ ಕೈಯಲ್ಲಿಲ್ಲ. ನಾನು ಏರಿಸೋನೂ ಅಲ್ಲ, ಇಳಿಸೋನೂ ಅಲ್ಲ. ನಾನು ನೋಡ್ತೀನಿ, ಹೇಳ್ತೀನಿ, ಅಷ್ಟೆ. ಅವತ್ತು ಹೆಮ್ಮೆಗೆ ಒಂದು ಮಾತಾಡ್ದೆ. ತಪ್ಪಾಯ್ತು!"

 ಮೊದಲು ದೋಣಿಯವನು ಕೂಗಿದ. "ಗೊತ್ತಾಯ್ತು ಬಿಡಿ! ಸಮಿತಿಯವರು ಇವರನ್ನ ಒಳಗೆ ಹಾಕ್ಕೊಂಡಿದ್ದಾರೆ!" ಕಾರ್ಯದರ್ಶಿ, "ದೋಣಿಯವರ ಕಡೆಯೋನು ಅಂತ ನನಗೆ ಮೊದಲೇ ಅನುಮಾನ ಇತ್ತು!" ಎಂದರು. ಸೋಫಾ ಭಾವನ ಮುಖ ಕೆಂಪಗಾಗಿತ್ತು. "ನಮ್ಮ ಅಂಗಡಿಯವರ ಮುಂದೆ ನನ್ನ ಮಾನ ಕಳೀಬೇಕು ಅಂತ ಹೊಟ್ಟೆಕಿಚ್ಚು ಇವರಿಗೆ!" ಮಾವ ನನ್ನ ತೋಳು ಹಿಡಿದು, "ನಮ್ಮಿಂದ ಏನಾದ್ರೂ ತಪ್ಪು ನಡೀತಾ ಅಳಿಯಂದ್ರೇ? ಕೂರಿಸೋದ್ರಲ್ಲಿ, ಮಾತಾಡಿಸೋದ್ರಲ್ಲಿ?" ಎಂದು ಕೇಳಿದರು. ಸಾಹೇಬರು ಏನನ್ನೋ ಬರೆದುಕೊಂಡರು. ಅಷ್ಟು ಜನರಲ್ಲಿ ನನ್ನ ಮಾತನ್ನು ನಂಬಿದ ಮಹಾನುಭಾವ ಒಬ್ಬನೂ ಇರಲಿಲ್ಲ.

ಆಗ ನನ್ನ ಹೆಂಡತಿ ಮುಂದೆ ಬಂದಳು. ಮದುವೆಯಾದಾಗಿನಿಂದ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ.

"ಸಾಕು ನಿಲ್ಸಿ ಎಲ್ಲರೂ! ಅವರು ಮಾಡಲ್ಲ! ಭಾವ ಕೇಳಿದ್ರೂ ಮಾಡಲ್ಲ, ಅಪ್ಪ ಕೇಳಿದ್ರೂ ಮಾಡಲ್ಲ, ಸಾಹೇಬರು ಕೇಳಿದ್ರೂ ಮಾಡಲ್ಲ! ಊರಿನ ನೀರು ನೆಂಟರಿಷ್ಟರ ಮನೇದಾ, ಬೇಕಾದಾಗ ಬಿಟ್ಕೊಳ್ಳೋಕೆ? ಕೈಯಲ್ಲಿ ಆಗಲ್ಲ ಅಂತ ಹೇಳ್ಕೊಂಡು ಕೆಟ್ಟವರಾಗ್ತಾರೆ, ಆದ್ರೆ ನಿಯಮ ಮುರಿಯಲ್ಲ. ಅಂಥ ಮನುಷ್ಯ ಅವರು!"

ಮೊದಲು ಮೇಷ್ಟ್ರು ಚಪ್ಪಾಳೆ ತಟ್ಟಿದರು. ಆಮೇಲೆ ಪೋಷಕರು. ಆಮೇಲೆ ಸಾಹೇಬರು ಬರೆದದ್ದನ್ನು ಹರಿದು ಜೇಬಿಗೆ ಹಾಕಿಕೊಂಡು, ಎಲ್ಲರಿಗಿಂತ ಜೋರಾಗಿ ತಟ್ಟಿದರು. ದಿಬ್ಬ ಇದ್ದಲ್ಲೇ ಇತ್ತು, ಇದ್ದಷ್ಟೇ ಇತ್ತು. ಸೋಫಾ ಅಂಗಡಿಯವರೂ ಅಲ್ಲಿಗೇ ಹೋಗಿ ಮಕ್ಕಳ ಚಿತ್ರ ನೋಡಿದರು. ಮಧ್ಯಾಹ್ನ ಹೊರಡುವಾಗ ಅತ್ತಿಗೆ ನನ್ನ ಹೆಂಡತಿಯ ಕೈ ಹಿಡಿದು, "ನಿನ್ನ ಗಂಡನ ಮುಂದೆ ನಮ್ಮವರೆಲ್ಲಾ ಏನು ಮಹಾ ಬಿಡೇ" ಎಂದರು. ಸೋಫಾ ಭಾವ ಕಾರಿನ ಕಿಟಕಿಯ ಗಾಜು ಏರಿಸಿದರು.

ಸಂಜೆ ಮನೆ ಖಾಲಿ. ನನ್ನ ಹೆಂಡತಿ ಹಾಸಿಗೆಗಳನ್ನು ಮಡಿಸುತ್ತಿದ್ದಳು.  ಎಷ್ಟು ಜಾಣೆ ಇವಳು, ನನ್ನ ಮರ್ಯಾದೆಗಾಗಿ ಅಷ್ಟು ಜನರ ಮುಂದೆ ಎಂಥ ಸುಳ್ಳು ಹೇಳಿದಳು!

"ನೀನು ಇವತ್ತು ನನ್ನನ್ನ ಉಳಿಸ್ದೆ ಕಣೇ," ಎಂದೆ. "ನನ್ನ ಸುಳ್ಳಿಗೆ ನೀನೂ ಒಂದು ಸುಳ್ಳು ಸೇರಿಸಿ..."

"ಯಾವ ಸುಳ್ಳು?" ಅವಳು ಹೊದಿಕೆ ಕೆಳಗಿಟ್ಟು ನನ್ನನ್ನೇ ನೋಡಿದಳು. "ಸುಮ್ನಿರ್ರೀ, ಈಗ ಮನೇಲಿ ಯಾರೂ ಇಲ್ಲ." ಬಾಗಿಲ ಕಡೆ ಒಮ್ಮೆ ನೋಡಿ ಹತ್ತಿರ ಬಂದಳು. "ಅವರಿಗೆಲ್ಲ ಬಿಡ್ಸಿಲ್ಲ, ಒಳ್ಳೇದೇ ಆಯ್ತು. ನಾಳೆ ಬೆಳಿಗ್ಗೆ ನನಗೊಂದೇ ಒಂದರ್ಧ ಅಡಿ ಬಿಡ್ಸಿ. ಈ ಊರಿಗೆ ಬಂದು ಇಷ್ಟು ವರ್ಷ ಆಯ್ತು, ಆ ದೋಣೀಲಿ ಒಂದ್ಸಲ ಕೂತಿಲ್ಲ. ನೀವು ಕೇಳಿದ್ದೀರಾ ಯಾವತ್ತಾದ್ರೂ? ಬೆಳಿಗ್ಗೆ ಬೇಗ ಹೋಗಿ ಬಂದ್ಬಿಡೋಣ. ಯಾರಿಗೂ ಗೊತ್ತಾಗಲ್ಲ."

 ನಿಜ ಹೇಳಲು ಬಾಯಿ ತೆರೆದೆ. ನಾನು ಕೇಳಿರಲಿಲ್ಲ, ಅದು ನಿಜ. ಎಷ್ಟೋ ರಜೆಗಳು ಬಂದು ಹೋದವು, ಊರಿಗೆ ಬಂದವರೆಲ್ಲ ದೋಣಿ ಹತ್ತುವುದನ್ನು ನೋಡಿದೆ, ಒಂದು ಸಲವೂ ಅವಳನ್ನು ಕೇಳಿರಲಿಲ್ಲ. ನಾಚಿಕೆಯಾಯಿತು. "ಆಯ್ತು," ಎಂದೆ.

ಸೋಮವಾರ ಬೆಳಕು ಹರಿಯುತ್ತಿದ್ದಂತೆ ದೋಣಿಯವನ ಕಾಲು ಹಿಡಿಯುವುದೊಂದು ಬಾಕಿ ಇಟ್ಟು ಒಪ್ಪಿಸಿದೆ. "ಮೂವತ್ತು ಜನಕ್ಕಾದ್ರೆ ನಾಲ್ಕು ಅಡಿ ಬೇಕು ಸಾರ್," ಎಂದ ಅವನು, ಇನ್ನೂ ಮುನಿಸಿನಲ್ಲೇ. "ಒಬ್ಬರಾದ್ರೆ ಮೂರೂವರೇಲೂ ತೇಲುತ್ತೆ. ಖಾಲಿ ದೋಣಿಗೆ ಏನಾಗ್ಬೇಕು?" ನಾವಿಬ್ಬರೂ ಹತ್ತಿ ಕುಳಿತೆವು. ಅವನು ಕೋಲು ಊರಿ ನೂಕಿದ. ದೋಣಿ ಕರ್ ಎಂದು ಮರಳಿಗೆ ಉಜ್ಜಿ ನಿಂತಿತು. ಅವನು ನನ್ನ ಹೊಟ್ಟೆಯನ್ನೊಮ್ಮೆ, ನೀರನ್ನೊಮ್ಮೆ ನೋಡಿದ. "ಒಬ್ಬರು ಇಳೀಬೇಕು ಸಾರ್."

ನಾನು ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಸಿ ಇಳಿದೆ. ಮೊಣಕಾಲಿನವರೆಗೆ ಐಸಿನಂಥ ನೀರು, ಪ್ರಾಣವೇ ಹೋದಂತಾಯಿತು. ಹೆಗಲು ಕೊಟ್ಟು ನೂಕಿದೆ. ದೋಣಿ ಅಲುಗಿ, ಮರಳು ಬಿಟ್ಟು, ತೇಲಿ ಹೋಯಿತು. ನನ್ನ ಹೆಂಡತಿ ಎರಡು ಕೈಯಲ್ಲೂ ಅಂಚು ಹಿಡಿದುಕೊಂಡು, ಚಿಕ್ಕ ಹುಡುಗಿಯ ಹಾಗೆ ಬಾಯ್ತುಂಬ ನಗುತ್ತಿದ್ದಳು. ಅಷ್ಟು ನಗುವುದನ್ನು ನಾನು ನೋಡಿರಲೇ ಇಲ್ಲ. ದೋಣಿ ಮಂಜಿನಲ್ಲಿ ನಡುನೀರಿಗೆ ಹೋಯಿತು. ಒಂದು ಅಲೆ ಬಂದು ಸ್ವಲ್ಪ ಎತ್ತಿ ಇಳಿಸಿತು.

"ರೀ!" ಎಂದು ಅಲ್ಲಿಂದ ಕೂಗಿದಳು. "ಸಾಕು! ಇಷ್ಟು ಸಾಕು! ಇನ್ನು ಬಿಡ್ಸಬೇಡಿ, ನಂಗೆ ಭಯ ಆಗುತ್ತೆ!"

ನಾನು ಹಲ್ಲು ಕಟಕಟನೆ ಕಡಿಯುತ್ತ, ನೀರಲ್ಲಿ ನಿಂತಲ್ಲೇ ಅಣೆಕಟ್ಟೆಯ ಕಡೆಗೆ ತಿರುಗಿ, ಸಾಕು ನಿಲ್ಲಿಸಿ ಎಂದು ಕೈ ಮಾಡಿದೆ.